ಉಜ್ಜಿದರೆ ಹೋಗುವುದು ಕೂದಲೊಂದೇ ಅಲ್ಲ

ಎಳೆಗೂಸಿನ ಹಣೆ, ಭುಜ, ಬೆನ್ನಿನ ಮೇಲೆ ನವಿರಾದ ರೋಮ ಕಂಡರೆ ಮನೆಯ ಹಿರಿಯರು ಕಡಲೆಹಿಟ್ಟಿಗೆ ಅರಿಶಿನ, ಹಾಲಿನ ಕೆನೆ ಬೆರೆಸಿ ಉಂಡೆ ಕಟ್ಟಿ ಉಜ್ಜುವ ಪದ್ಧತಿ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಅದೇ ಮನೆಯಲ್ಲಿ ಕಾಲೇಜು ಓದುವ ಹುಡುಗಿ ಹೊಸದಾಗಿ ತರಿಸಿಕೊಂಡ ಗಾಜಿನ ಬಿಲ್ಲೆಯೊಂದರಿಂದ ಕಾಲು ಉಜ್ಜಿಕೊಳ್ಳುತ್ತಿರಬಹುದು. ಬ್ಲೇಡಿನ ಭಯವಿಲ್ಲ, ನೋವಿಲ್ಲ ಎಂಬುದು ಅದರ ಜಾಹೀರಾತಿನ ಭರವಸೆ. ಅಜ್ಜಿಯ ಹಿಟ್ಟಿನ ಉಂಡೆಗೂ ಮೊಮ್ಮಗಳ ಗಾಜಿನ ಬಿಲ್ಲೆಗೂ ತತ್ವ ಒಂದೇ. ಕತ್ತರಿಸದೆ, ಕೀಳದೆ, ಬರಿದೇ ಉಜ್ಜಿ ಕೂದಲು ತೆಗೆಯುವುದು. ಕ್ಷೌರಕ್ಕೆ ಇದು ತಕ್ಕ ಬದಲಿಯೇ?

ಉಪಾಯವೇನೂ ಹೊಸದಲ್ಲ. ಜ್ವಾಲಾಮುಖಿ ಉಗುಳಿದ ಲಾವಾರಸ ಗಾಳಿಗುಳ್ಳೆಗಳ ಸಮೇತ ಥಟ್ಟನೆ ತಣಿದಾಗ ಪ್ಯೂಮಿಸ್ ಎಂಬ ಕಲ್ಲು ಹುಟ್ಟುತ್ತದೆ. ಮೈತುಂಬ ತೂತುಗಳಿರುವ ಈ ಕಲ್ಲು ನೀರಿನ ಮೇಲೆ ತೇಲುವಷ್ಟು ಹಗುರ. ಹಿಮ್ಮಡಿಯ ಒರಟು ಚರ್ಮ ತಿಕ್ಕಲು ಇಂದು ಅನೇಕರು ಬಳಸುವುದು ಇದನ್ನೇ. ಪ್ರಾಚೀನ ರೋಮನ್ನರು ಇದರಿಂದ ಮೈಗೂದಲನ್ನೂ ತೆಗೆಯುತ್ತಿದ್ದರು. ಹೆಂಗಸರ ಈ ಅಭ್ಯಾಸ ತನ್ನ ಕಾಲಕ್ಕೆ ಗಂಡಸರಿಗೂ ಅಂಟಿಕೊಂಡಿದೆ ಎಂದು ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಅವನಿಗಿಂತ ಹಿಂದಿನ ಕವಿ ಓವಿಡ್, ಗಂಡಸರು ಕಾಲಿಗೆ ಈ ಕಲ್ಲು ಉಜ್ಜಿಕೊಳ್ಳುವುದು ತರವಲ್ಲ ಎಂದು ಬುದ್ಧಿ ಹೇಳಿದ್ದ. ಸಾರ್ವಜನಿಕ ಸ್ನಾನಗೃಹವೊಂದರ ಮೇಲ್ಗಡೆ ವಾಸವಿದ್ದ ತತ್ವಜ್ಞಾನಿ ಸೆನೆಕಾ, ಕೂದಲು ಕೀಳುವವನ ಕೂಗಾಟದ ಬಗ್ಗೆ ಪತ್ರವೊಂದರಲ್ಲಿ ಗೊಣಗಿದ್ದಾನೆ. ಗಿರಾಕಿ ನೋವಿನಿಂದ ಕಿರುಚುವಾಗ ಮಾತ್ರ ಅವನ ಬಾಯಿ ಮುಚ್ಚಿರುತ್ತಿತ್ತಂತೆ! ಕೀಳುವ ಈ ಯಾತನೆಯ ಮುಂದೆ ಕಲ್ಲಿನಿಂದ ಉಜ್ಜಿಕೊಳ್ಳುವುದೇ ಮೇಲು ಎಂದು ಕೆಲವರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ನಮ್ಮಲ್ಲಿ ಕ್ಷೌರದ ಕತ್ತಿಯ ಇತಿಹಾಸ ಇನ್ನೂ ಹಿಂದಕ್ಕೆ ಹೋಗುತ್ತದೆ. ಸಿಂಧೂ ಕಣಿವೆಯ ಉತ್ಖನನಗಳಲ್ಲಿ ತಾಮ್ರದ ಕ್ಷೌರದ ಕತ್ತಿಗಳು ದೊರೆತಿವೆ. ವಾತ್ಸ್ಯಾಯನನ ಕಾಮಸೂತ್ರ ನಗರವಾಸಿಗೆ ಹೇಳುವ ದಿನಚರಿಯಲ್ಲಿ ಮೈ ಉಜ್ಜಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ, ಕ್ಷೌರ ನಾಲ್ಕು ದಿನಕ್ಕೊಮ್ಮೆ. ಅಂದರೆ ಮೈ ಉಜ್ಜುವ ಕೆಲಸ ಬೇರೆ, ಕೂದಲು ತೆಗೆಯುವ ಕೆಲಸ ಬೇರೆ ಎಂಬ ತಿಳಿವಳಿಕೆ ಅಲ್ಲಿದೆ.

ಅಮೆರಿಕದ ಜಿಲೆಟ್ ತನ್ನ ಸೇಫ್ಟಿ ರೇಜರಿಗೆ 1904ರಲ್ಲಿ ಪೇಟೆಂಟ್ ಪಡೆದ. 1915ರಲ್ಲಿ ಅವನ ಕಂಪನಿ ಹೆಂಗಸರಿಗೆಂದೇ ರೇಜರ್ ತಂದಿತು. ಬ್ಲೇಡಿಗೆ ಅಂಜುವವರಿಗಾಗಿ ಆ ದೇಶದಲ್ಲಿ ಬಡಗಿಗಳ ಸ್ಯಾಂಡ್ ಪೇಪರಿನಂಥದೇ, ಆದರೆ ಅದಕ್ಕಿಂತ ನಯವಾದ ಹಾಳೆ ಅಂಟಿಸಿದ ಕೈಗವಸುಗಳೂ ಮಾರಾಟಕ್ಕೆ ಬಂದವು. ಈಗಿನ ಗಾಜಿನ ಬಿಲ್ಲೆ ಆ ವಂಶದ ಕುಡಿ. ಮೇಲ್ಮೈ ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಅತಿ ಸೂಕ್ಷ್ಮವಾದ ಹಲ್ಲುಗಳನ್ನು ಕೊರೆದಿರುತ್ತಾರೆ.

ಉಜ್ಜಿದಾಗ ಆಗುವುದೇನು? ಬಿಲ್ಲೆಯನ್ನು ವೃತ್ತಾಕಾರವಾಗಿ ಆಡಿಸಿದಂತೆ ರೋಮ ತಿರುಚಿಕೊಂಡು, ಸವೆದು, ಚರ್ಮದ ಮಟ್ಟದಲ್ಲಿ ಮುರಿಯುತ್ತದೆ. ಬೇರು ಒಳಗೆ ಭದ್ರವಾಗಿಯೇ ಇರುತ್ತದೆ. ಆದ್ದರಿಂದ ಕ್ಷೌರ ಮಾಡಿದಂತೆಯೇ ಕೆಲವು ದಿನಗಳಲ್ಲಿ ಕೂದಲು ಮತ್ತೆ ತಲೆಯೆತ್ತುತ್ತದೆ. ಶಾಶ್ವತ ಪರಿಹಾರ ಎಂಬ ಮಾತಿನಲ್ಲಿ ಹುರುಳಿಲ್ಲ. ಹಾಗೆಯೇ, ಬೋಳಿಸಿದರೆ ಕೂದಲು ದಪ್ಪಗೆ ಬೆಳೆಯುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟೆನಿಸುತ್ತದೆ, ಅಷ್ಟೆ.

ಕೂದಲೂ ಚರ್ಮದ ಹೊರಪದರವೂ ಕೆರಾಟಿನ್ ಎಂಬ ಒಂದೇ ಬಗೆಯ ವಸ್ತುವಿನಿಂದ ಆದವು. ಕೂದಲನ್ನು ಸವೆಸುವ ಬಿಲ್ಲೆ ಚರ್ಮವನ್ನು ಬಿಟ್ಟೀತೆ? ಕೈಕಾಲುಗಳ ಮೇಲೆ ಈ ಹೊರಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ದೇಹದ ತೇವವನ್ನು ಒಳಗೆ ಹಿಡಿದಿಟ್ಟು, ರೋಗಾಣುಗಳನ್ನು ಹೊರಗೇ ತಡೆಯುವ ಗೋಡೆ ಇದು. ಹದವಾಗಿ ತಿಕ್ಕಿದರೆ ಸತ್ತ ಚರ್ಮ ಹೋಗಿ ನುಣುಪು ಬರುತ್ತದೆ. ಮಿತಿಮೀರಿದರೆ ಉರಿ, ಕೆಂಪು, ಸಣ್ಣ ಗುಳ್ಳೆಗಳು. ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಇನ್ನೊಂದು ತೊಂದರೆಯೂ ಇದೆ. ಉರಿಯೂತ ಮಾಯ್ದ ಮೇಲೂ ಆ ಜಾಗದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲಬಹುದು. ಅಂದ ಬಯಸಿ ಉಜ್ಜಿಕೊಂಡವರಿಗೆ ಇದು ದುಬಾರಿ ವ್ಯವಹಾರ.

ಹಾಗೆಂದು ಬ್ಲೇಡು ನಿರಪರಾಧಿಯೇನಲ್ಲ. ಅದು ಕಣ್ಣಿಗೆ ಕಾಣದ ಗೀರುಗಳನ್ನು ಉಳಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಮೈಗೂದಲನ್ನು ಬ್ಲೇಡಿನಿಂದ ಬೋಳಿಸಬಾರದು, ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸೂಚಿಸಿತು. ಆದರೆ ಮನೆಯ ಕ್ಷೌರಕ್ಕೆ ಒಂದು ಅನುಕೂಲವಿದೆ. ಬೆಚ್ಚಗಿನ ನೀರಿನಲ್ಲಿ ನೆನೆದ ಕೂದಲು ಮೆತ್ತಗಾಗಿ, ಸೋಪಿನ ನೊರೆಯ ಮೇಲೆ ಬ್ಲೇಡು ಒಮ್ಮೆ ಜಾರಿದರೆ ಕೆಲಸ ಮುಗಿಯಿತು. ಸ್ಯಾಂಡ್ ಪೇಪರಿನಂಥ ಹಾಳೆಗೆ ಒಣ ಚರ್ಮವೇ ಬೇಕು, ಒಂದೇ ಜಾಗದಲ್ಲಿ ಹತ್ತಾರು ಸುತ್ತು ಆಡಿಸಲೂ ಬೇಕು.

ಹೀಗಾಗಿ ಕೈ ಮತ್ತು ಮೊಣಕಾಲಿನ ಕೆಳಭಾಗದ ತೆಳು ರೋಮಕ್ಕೆ, ಹಗುರ ಕೈಯಿಂದ, ಆಗೊಮ್ಮೆ ಈಗೊಮ್ಮೆ ಉಜ್ಜಿಕೊಂಡರೆ ಅಡ್ಡಿಯಿಲ್ಲ. ಮುಖ, ಕಂಕುಳು, ಮರ್ಮಾಂಗಗಳಿಗೆ ಅದು ಸಲ್ಲದು. ಮೊಡವೆ, ಇಸುಬು ಇದ್ದವರೂ ಗಾಯ ಬೇಗ ಮಾಯದ ಮಧುಮೇಹಿಗಳೂ ದೂರವಿಡುವುದೇ ಒಳಿತು. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಬಳಸಬಾರದು. ಹರೆಯದ ಹುಡುಗಿಯ ಗಲ್ಲದ ಮೇಲೆ ಹಠಾತ್ತನೆ ದಪ್ಪ ಕೂದಲು ಮೂಡತೊಡಗಿದರೆ ಅದು ಹಾರ್ಮೋನುಗಳ ಏರುಪೇರಿನ ಸೂಚನೆಯಿರಬಹುದು. ಆಗ ಬೇಕಾದುದು ವೈದ್ಯರ ಸಲಹೆ.

ಇನ್ನು ಕೂಸಿನ ಮಾತು. ತಾಯಿಯ ಗರ್ಭದಲ್ಲೇ ಮೂಡುವ ಆ ನವಿರು ರೋಮ ಹುಟ್ಟಿದ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ, ತಾನಾಗಿಯೇ ಉದುರುತ್ತದೆ. ಉಜ್ಜಿದ ಮನೆಯಲ್ಲೂ ಉದುರುತ್ತದೆ, ಉಜ್ಜದ ಮನೆಯಲ್ಲೂ ಉದುರುತ್ತದೆ. ಕೀರ್ತಿ ಮಾತ್ರ ಹಿಟ್ಟಿನ ಉಂಡೆಗೆ! ದೊಡ್ಡವರದಕ್ಕಿಂತ ತೆಳುವಾದ ಆ ಎಳೆ ಚರ್ಮವನ್ನು ತಿಕ್ಕಿ ಕೆಂಪಗಾಗಿಸುವುದರಿಂದ ಮಗುವಿಗೆ ಸಿಗುವುದು ಅಳು ಮಾತ್ರ. ಅಜ್ಜಿಯ ಎಣ್ಣೆಯ ಕೈ ಮೈಮೇಲೆ ಮೆಲ್ಲಗೆ ಆಡಲಿ. ಕೂದಲಿನ ಕೆಲಸವನ್ನು ಕಾಲಕ್ಕೆ ಬಿಟ್ಟರಾಯಿತು.