ಬರ್ಗಂಡಿಯ ಬಳ್ಳಿಸಾಲುಗಳಲ್ಲಿ ಸೈಕಲ್ ಹಾದಿ

ಫ್ರಾನ್ಸಿನ ಪೂರ್ವಭಾಗದ ಬರ್ಗಂಡಿ ಸೀಮೆಯಲ್ಲಿ, ಬೋನ್ ಪಟ್ಟಣದಿಂದ ದಕ್ಷಿಣಕ್ಕೆ ಕ್ಲೂನಿಯವರೆಗೆ, ದ್ರಾಕ್ಷಿತೋಟಗಳನ್ನೂ ಹಳೆಯ ಇಗರ್ಜಿಗಳನ್ನೂ ಬೆಸೆಯುತ್ತ ಸಾಗುವ ನೂರು ಕಿಲೋಮೀಟರ್ ಆಸುಪಾಸಿನ ದಾರಿಯು ಸೈಕಲ್ ಸವಾರರಿಗೆ ಯುರೋಪಿನಲ್ಲೇ ಅತ್ಯಂತ ನಿರಾಳವಾದ ಮಾರ್ಗಗಳಲ್ಲಿ ಒಂದಾಗಿದೆ. ಈ ನಿರಾಳತೆಯನ್ನು ಪ್ರವಾಸೋದ್ಯಮದ ಕರಪತ್ರಗಳು ಪ್ರಕೃತಿಯ ಕೊಡುಗೆಯೆಂಬಂತೆ ಬಣ್ಣಿಸುತ್ತವೆಯಾದರೂ, ಮಠಗಳ ಭೂಹಿಡುವಳಿ, ಕ್ರಾಂತಿಕಾಲದ ಹರಾಜು, ಒಂದೊಂದು ತಾಕಿಗೂ ಏರಿದ ಬೆಲೆ, ಪ್ರಯಾಣಿಕರನ್ನು ಕಳೆದುಕೊಂಡ ರೈಲುಮಾರ್ಗ ಇವೆಲ್ಲ ಸೇರಿ ಸಾವಿರ ವರ್ಷಗಳಲ್ಲಿ ರೂಪಿಸಿದ ಸ್ಥಿತಿ ಅದು ಎಂಬುದನ್ನು ದಾರಿಯುದ್ದಕ್ಕೂ ಕಾಣುವ ಕಲ್ಲುಗಳೇ ಹೇಳುತ್ತವೆ.

ಮೊದಲಿಗೆ ನೆಲದ ವಿಚಾರ. ಬೋನ್ ಸುತ್ತಲಿನ ದ್ರಾಕ್ಷಿ ಪ್ರದೇಶಕ್ಕೆ ‘ಕೋತ್’ ಎಂದು ಹೆಸರು. ಅದು ಭೂಸ್ತರ ಮುರಿದು ಕುಸಿದಾಗ ಉಂಟಾದ, ಪೂರ್ವಕ್ಕೆ ಮುಖ ಮಾಡಿದ ಒಂದು ಕಿರಿದಾದ ಇಳಿಜಾರು. ಮೇಲೆ ಕಾಡು, ಕೆಳಗೆ ಸೋನ್ ನದಿಯ ಬಯಲು, ನಡುವೆ ಸುಣ್ಣಕಲ್ಲೂ ಜೇಡಿಯೂ ಬೆರೆತ ಮಣ್ಣಿನ ಪಟ್ಟಿ. ಸಮುದ್ರಮಟ್ಟದಿಂದ 250ರಿಂದ 300 ಮೀಟರ್ ಎತ್ತರದ ಆ ನಡುಪಟ್ಟಿಯಲ್ಲಿಯೇ ಉತ್ತಮ ವೈನ್ ಕೊಡುವ ಪಿನೋ ನ್ವಾರ್ ಮತ್ತು ಶಾರ್ದೊನೆ ಬಳ್ಳಿಗಳು ಬೆಳೆಯುತ್ತವೆ. ಈ ಇಳಿಜಾರನ್ನು ಹೆಸರೂ ಗಡಿಯೂ ಇರುವ ತಾಕುಗಳಾಗಿ ವಿಂಗಡಿಸಲಾಗಿದ್ದು, ಅಂಥ ತಾಕನ್ನು ಅಲ್ಲಿನವರು ‘ಕ್ಲಿಮಾ’ ಎನ್ನುತ್ತಾರೆ. ಒಂದು ಕ್ಲಿಮಾಕ್ಕೂ ಪಕ್ಕದ ಕ್ಲಿಮಾಕ್ಕೂ ನಡುವೆ ಒಂದು ಮೋಟುಗೋಡೆ ಅಥವಾ ಕಾಲುದಾರಿ ಮಾತ್ರ ಇರುವುದುಂಟು, ಆದರೆ ವೈನಿನ ದರದಲ್ಲಿ ಹಲವು ಪಟ್ಟು ಅಂತರವಿರಬಹುದು. 1,247 ಕ್ಲಿಮಾಗಳಿರುವ ಈ ಭೂಭಾಗವನ್ನು ಯುನೆಸ್ಕೊ 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ದುಬಾರಿಯಾದ ನೆಲದಲ್ಲಿ ಮನೆ ಕಟ್ಟುವವರಿಲ್ಲ, ರಸ್ತೆ ಅಗಲಿಸುವವರಂತೂ ಇಲ್ಲವೇ ಇಲ್ಲ; ಆದ್ದರಿಂದ ಊರುಗಳು ಒತ್ತೊತ್ತಾಗಿ ಉಳಿದವು, ಅವುಗಳ ನಡುವಿನ ದಾರಿಗಳು ಗಾಡಿಜಾಡಿನಷ್ಟೇ ಕಿರಿದಾಗಿ ಉಳಿದವು, ಭಾರಿ ವಾಹನಗಳ ಹೆದ್ದಾರಿ ಕೆಳಗಿನ ಬಯಲಿಗೆ ಸರಿಯಿತು.

ಬೋನ್‌ನಿಂದ ಸಾಂತ್ನೆ ಎಂಬ ಊರಿನವರೆಗೆ ಸುಮಾರು 22 ಕಿಲೋಮೀಟರ್ ಉದ್ದದ ‘ವ್ವಾ ದೆ ವೀನ್ಯ್’, ಅಂದರೆ ಬಳ್ಳಿಗಳ ಹಾದಿ, ಇಂಥ ತೋಟದ ದಾರಿಗಳನ್ನೇ ಜೋಡಿಸಿ ಫಲಕ ನೆಟ್ಟು ಮಾಡಿದ ಮಾರ್ಗ. ಪೊಮಾರ್, ವೊಲ್ನೆ, ಮೆರ್ಸೋ, ಪ್ಯುಲಿನಿ-ಮೊಂರಾಶೆ ಎಂದು ವೈನ್ ಪ್ರಿಯರಿಗೆ ಸೀಸೆಯ ಮೇಲಿನ ಚೀಟಿಯಿಂದ ಪರಿಚಿತವಾದ ಹೆಸರುಗಳು ಇಲ್ಲಿ ಎರಡು ಮೂರು ಕಿಲೋಮೀಟರಿಗೊಂದರಂತೆ ಎದುರಾಗುವ ಸಣ್ಣ ಊರುಗಳು. ಪೊಮಾರಿನ ಚೌಕಾಕಾರದ ಗಂಟೆಗೋಪುರ ಹಿಂದೆ ಸರಿಯುವಷ್ಟರಲ್ಲಿ ಮೆರ್ಸೋ ಊರಿನ ಸಂತ ನಿಕೋಲಾಸರ ಇಗರ್ಜಿಯ ಚೂಪಾದ ಕಲ್ಲಿನ ಶಿಖರ ಮುಂದೆ ಕಾಣಿಸಿಕೊಳ್ಳುತ್ತದೆ. ತೋಟದಲ್ಲಿ ದುಡಿಯುವವರು ನಡೆದು ಹೋಗಿ ಸಂಜೆಗೆ ಮರಳಬಲ್ಲ ದೂರಕ್ಕೆ ಊರುಗಳು ನೆಲೆಗೊಂಡಿದ್ದರಿಂದ, ಕಾರಿನವರಿಗೆ ತೀರ ಹತ್ತಿರವೂ ಕಾಲ್ನಡಿಗೆಯವರಿಗೆ ತುಸು ದೂರವೂ ಆಗುವ ಈ ಅಂತರ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಇಲ್ಲಿ ಎದುರಾಗುವ ಮುಖ್ಯ ವಾಹನವೆಂದರೆ ಎತ್ತರದ ಕಾಲುಗಳ ಮೇಲೆ ನಿಂತ ಒಂದು ಬಗೆಯ ಟ್ರ್ಯಾಕ್ಟರ್. ಸಾಲಿನಿಂದ ಸಾಲಿಗೆ ಒಂದು ಮೀಟರ್ ಅಂತರ ಬಿಟ್ಟು, ಹೆಕ್ಟೇರಿಗೆ ಸುಮಾರು ಹತ್ತು ಸಾವಿರದಂತೆ ಬಳ್ಳಿ ನೆಡುವ ಪದ್ಧತಿಯಿರುವುದರಿಂದ ಮಾಮೂಲಿ ಟ್ರ್ಯಾಕ್ಟರ್ ಒಳಗೆ ನುಸುಳಲಾರದು; ಈ ಎತ್ತರದ ಯಂತ್ರವಾದರೋ ಬಳ್ಳಿಸಾಲನ್ನು ತನ್ನ ಕಾಲುಗಳ ನಡುವೆ ಬಿಟ್ಟುಕೊಂಡು ಚಲಿಸುತ್ತದೆ. ಹಾದಿ ಅದರದ್ದು, ಸವಾರ ಅತಿಥಿ ಎಂಬ ತಿಳಿವಳಿಕೆಯಿಂದ ಬದಿಗೆ ಸರಿದು ನಿಲ್ಲುವುದು ವಾಡಿಕೆ. ಕೊಯ್ಲಿನ ದಿನಗಳಲ್ಲಿ ಇದನ್ನು ಮರೆಯುವಂತೆಯೇ ಇಲ್ಲ.

ದ್ರಾಕ್ಷಿಗೂ ಇಗರ್ಜಿಗೂ ಇರುವ ನಂಟು ಕೇವಲ ನೆರೆಹೊರೆಯದಲ್ಲ. ಬಲಿಪೂಜೆಗೆ, ಎಂದರೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸುವ ಕ್ರೈಸ್ತ ಆರಾಧನೆಗೆ, ವೈನ್ ಬೇಕೇಬೇಕು. ಪಶ್ಚಿಮ ಯುರೋಪಿನ ಮಠಜೀವನಕ್ಕೆ 6ನೇ ಶತಮಾನದಲ್ಲಿ ಕಟ್ಟಳೆ ಬರೆದ ಸಂತ ಬೆನೆಡಿಕ್ಟ್ ಪ್ರತಿಯೊಬ್ಬ ಮಠವಾಸಿಗೂ ದಿನಕ್ಕೆ ಒಂದು ಅಳತೆಯ, ಈಗಿನ ಲೆಕ್ಕದಲ್ಲಿ ಕಾಲು ಲೀಟರಿನಷ್ಟೆಂದು ಸಾಮಾನ್ಯವಾಗಿ ಎಣಿಸುವ, ವೈನಿಗೆ ಅನುಮತಿ ಕೊಟ್ಟಿದ್ದ. ಮೇಲಾಗಿ ಪರಲೋಕದ ಭಯದಿಂದ ದಾನ ಮಾಡುವ ಪ್ರಭುಗಳು ಮಠಗಳಿಗೆ ಬರೆದುಕೊಟ್ಟದ್ದು ಹೆಚ್ಚಾಗಿ ಜಮೀನನ್ನೇ. 1098ರಲ್ಲಿ ಬೋನ್‌ನ ಈಶಾನ್ಯದ ಜೌಗುನೆಲದಲ್ಲಿ ಹುಟ್ಟಿದ ಸಿತೋ ಮಠವು, ಅಲಂಕಾರವನ್ನು ತೊರೆದು ಕಾಯಕಕ್ಕೆ ಒತ್ತು ಕೊಟ್ಟ ಸಿಸ್ಟರ್ಸಿಯನ್ ಪಂಥದ ತಾಯಿಮಠ, ಬಂದ ದಾನಗಳನ್ನು ಒಂದುಗೂಡಿಸಿ ಸುಮಾರು 50 ಹೆಕ್ಟೇರಿನ ಕ್ಲೋ ದ ವೂಜೊ ತೋಟವನ್ನು ಕಟ್ಟಿ ಅದರ ಸುತ್ತ ಗೋಡೆ ಎಬ್ಬಿಸಿತು. ಮಠವಾಸಿಗಳು ಮಣ್ಣನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ ತಾಕುಗಳ ಗಡಿ ಗುರುತಿಸಿದರೆಂಬ ಕತೆಯನ್ನು ಮಾರ್ಗದರ್ಶಿಗಳು ಇಂದಿಗೂ ಹೇಳುತ್ತಾರೆ. ಕೇಳಲು ಸೊಗಸಾದ ಕತೆ. ಆದರೆ ತಲೆಮಾರುಗಳವರೆಗೆ ಒಂದೇ ಜಮೀನನ್ನು ಹಿಡಿದಿಟ್ಟುಕೊಂಡು, ಪ್ರತಿ ವರ್ಷದ ಇಳುವರಿಯನ್ನು ಬರೆದಿಡಬಲ್ಲ ಅಕ್ಷರಸ್ಥರ ಸಂಸ್ಥೆಯೊಂದಕ್ಕೆ ಮಣ್ಣು ತಿನ್ನುವ ಅಗತ್ಯವಿತ್ತೆಂದು ನಂಬುವುದು ಕಷ್ಟ.

ಆ ಲೆಕ್ಕಬರಹದ ಬೆಲೆ ಈಚೆಗೆ ಅನಿರೀಕ್ಷಿತ ರೀತಿಯಲ್ಲಿ ತಿಳಿಯಿತು. ಬೋನ್‌ನ ನೋತ್ರ್ ದಾಮ್ ಇಗರ್ಜಿಯು ತನ್ನ ತೋಟದಲ್ಲಿ ಕೊಯ್ಲಿಗೆ ಬಂದ ಕೂಲಿಯಾಳುಗಳಿಗೆ ಕೊಟ್ಟ ಹಣದ ಲೆಕ್ಕದಿಂದ ಹಿಡಿದು ನಗರಸಭೆಯ ಕಡತಗಳವರೆಗೆ ಜಾಲಾಡಿದ ಸಂಶೋಧಕರು, 1354ರಿಂದ 2018ರವರೆಗಿನ ಕೊಯ್ಲಿನ ದಿನಾಂಕಗಳ ಸರಣಿಯೊಂದನ್ನು 2019ರಲ್ಲಿ ಪ್ರಕಟಿಸಿದರು. ಬಿಸಿಲು ಹೆಚ್ಚಿದ ವರ್ಷ ಹಣ್ಣು ಬೇಗ ಮಾಗುವುದರಿಂದ ಕೊಯ್ಲಿನ ದಿನವು ಥರ್ಮಾಮೀಟರ್ ಇಲ್ಲದ ಕಾಲದ ತಾಪಮಾನವನ್ನು ಸೂಚಿಸಬಲ್ಲದು. ಈ ಸರಣಿಯ ಪ್ರಕಾರ 1988ರಿಂದ ಈಚೆಗೆ ಬೋನ್‌ನಲ್ಲಿ ಕೊಯ್ಲು ಅದಕ್ಕೂ ಹಿಂದಿನ ಕಾಲಕ್ಕಿಂತ ಸರಾಸರಿ 13 ದಿನ ಮುಂಚಿತವಾಗಿ ಶುರುವಾಗುತ್ತಿದೆ. ದಾನದ ತೋಟಗಳು ಇಗರ್ಜಿ-ಮಠಗಳಿಗಷ್ಟೇ ಸೀಮಿತವಾಗಿರಲಿಲ್ಲ; ಇದೇ ಪಟ್ಟಣದ ಒತೆಲ್ ದ್ಯೊ ಎಂಬ ಆಸ್ಪತ್ರೆಯನ್ನು ಬರ್ಗಂಡಿ ಡ್ಯೂಕನ ಮಂತ್ರಿ ನಿಕೊಲಾ ರೊಲೆನ್ ಮತ್ತು ಅವನ ಪತ್ನಿ ಗೀಗೋನ್ ದ ಸಾಲೆನ್ 1443ರಲ್ಲಿ ಸ್ಥಾಪಿಸಿದರು. ದಾನವಾಗಿ ಬಂದ ತೋಟಗಳ ವೈನನ್ನು ನವೆಂಬರ್ ತಿಂಗಳ ಮೂರನೇ ಭಾನುವಾರ ಹರಾಜು ಹಾಕಿ ಆಸ್ಪತ್ರೆಗೆ ಹಣ ಕೂಡಿಸುವ ಕ್ರಮ 1859ರಿಂದ ನಡೆದುಬಂದಿದೆ.

ಸಾಂತ್ನೆಯ ಬಳಿ ಬಳ್ಳಿಗಳ ಹಾದಿ ಮುಗಿದು, 18ನೇ ಶತಮಾನದ ಕೊನೆಯಲ್ಲಿ ತೋಡಿದ ಸಾಂತ್ರ್ ಕಾಲುವೆಯ ದಂಡೆ ಸಿಗುತ್ತದೆ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗಿನ ದೂರಪ್ರಯಾಣದ ಸೈಕಲ್ ಮಾರ್ಗವಾದ ಯೂರೊವೆಲೊ 6 ಇಲ್ಲಿಯೇ ಹಾಯುತ್ತದೆ. ಮರದ ನೆರಳಿನ ಈ ಸಮತಟ್ಟಾದ ದಂಡೆ ಸವಾರಿಗೆ ಹಿತವಾದರೂ ನೋಡಲು ಹೆಚ್ಚೇನಿಲ್ಲ. ಕಾಲುವೆಯನ್ನು ರೂಪಿಸಿದ ಎಂಜಿನಿಯರ್ ಎಮಿಲಾನ್ ಗೋತೆಯ ಕೈಚಳಕ ಮಾತ್ರ ಮುಂದೆ, ಶಾಲೋನ್ ಪಟ್ಟಣದ ಪಶ್ಚಿಮಕ್ಕಿರುವ ಜಿವ್ರಿಯಲ್ಲಿ, ಮತ್ತೆ ಎದುರಾಗುತ್ತದೆ. ಅಲ್ಲಿನ ಇಗರ್ಜಿಯೂ ಅವನದೇ ರಚನೆ. ಸೇತುವೆ ಕಟ್ಟುವವನೊಬ್ಬ ಕಮಾನಿನ ಮೇಲೆ ತನಗಿದ್ದ ಹಿಡಿತವನ್ನು ದೇವರ ಮನೆಯಲ್ಲಿ ಪ್ರಯೋಗಿಸಿದಂತೆ, ಕಂಬಗಳ ವರ್ತುಲದ ಮೇಲೆ ಗುಮ್ಮಟ ನಿಂತಿದೆ. ದ್ರವಚಲನೆಯ ಸಮೀಕರಣಗಳಿಂದ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ನಾವಿಯೇ ಬಾಲ್ಯದಲ್ಲಿ ಬೆಳೆದದ್ದು ಇದೇ ಗೋತೆಯ ಆಶ್ರಯದಲ್ಲಿ.

ಜಿವ್ರಿಯಿಂದ ಕ್ಲೂನಿಗೆ 44 ಕಿಲೋಮೀಟರ್. ಪ್ರಯಾಣಿಕರು ಕಡಿಮೆಯಾಗಿ ಮುಚ್ಚಿಹೋದ ರೈಲುದಾರಿಯ ಹಳಿ ಕಿತ್ತು, ಡಾಂಬರು ಹಾಸಿ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಹಾದಿಯನ್ನಾಗಿ 1997ರಲ್ಲಿ ಇದನ್ನು ತೆರೆದಾಗ, ‘ವ್ವಾ ವೆರ್ತ್’ ಅಥವಾ ಹಸಿರು ಹಾದಿ ಎಂಬ ಹೆಸರಿನ ಮೊದಲ ಮಾರ್ಗ ಫ್ರಾನ್ಸಿಗೆ ದೊರೆಯಿತು. ಉಗಿಬಂಡಿಗೆ ಕಡಿದಾದ ಏರು ಹತ್ತಲಾಗುತ್ತಿರಲಿಲ್ಲವಾದ್ದರಿಂದ ರೈಲುದಾರಿಯ ಏರಿಳಿತ ಅತ್ಯಲ್ಪ. ಅದರ ಫಲವನ್ನು ಈಗ ಮಕ್ಕಳೂ ವಯಸ್ಸಾದವರೂ ಉಣ್ಣುತ್ತಿದ್ದಾರೆ. ಮೊದಲ ಅರ್ಧದಲ್ಲಿ ಬ್ಯುಸಿ ಎಂಬ ಊರಿನ ಸುತ್ತ ಮೊಂತಾನ್ಯಿ ಬಿಳಿ ವೈನಿನ ತೋಟಗಳಿವೆ. ರಾಜಪ್ರಭುತ್ವದ ಕಾಲದಲ್ಲಿ ‘ಲ ರ್ವಾಯಲ್’ ಎಂಬ ಬಾಲ ಹೊತ್ತಿದ್ದು ಗಣರಾಜ್ಯದಲ್ಲಿ ‘ಲ ನಾಸಿಯೊನಾಲ್’ ಆದ ಸೆನ್-ಜಾಂಗು ಊರು ದಾಟಿದ ಮೇಲೆ ದ್ರಾಕ್ಷಿ ವಿರಳವಾಗಿ, ಬಿಳಿಯ ಶಾರೊಲೆ ದನಗಳು ಮೇಯುವ ಹುಲ್ಲುಗಾವಲು ಹೆಚ್ಚುತ್ತದೆ.

ರೊಮನೆಸ್ಕ್ ಎಂಬ ವಾಸ್ತುಶೈಲಿಯ ಮುಖ್ಯ ನೆಲೆಗಳಲ್ಲಿ ಈ ಹುಲ್ಲುಗಾವಲಿನ ಸೀಮೆಯೂ ಒಂದು. 11 ಮತ್ತು 12ನೇ ಶತಮಾನಗಳಲ್ಲಿ ಪ್ರಾಚೀನ ರೋಮಿನ ಅರ್ಧವೃತ್ತದ ಕಮಾನನ್ನೂ ಕಲ್ಲಿನ ಚಾವಣಿಯನ್ನೂ ಪುನಃ ರೂಢಿಗೆ ತಂದ ಈ ಶೈಲಿಯಲ್ಲಿ ಗೋಡೆ ದಪ್ಪ, ಕಿಟಕಿ ಚಿಕ್ಕದು, ಒಳಗೆ ತಂಪು ಮತ್ತು ಮಬ್ಬು. ಮರದ ಚಾವಣಿ ಸಿಡಿಲಿಗೋ ದಾಳಿಗೋ ಸಿಕ್ಕಿ ಉರಿದುಹೋಗುವುದನ್ನು ಕಂಡು ಬೇಸತ್ತ ಕಟ್ಟಡಗಾರರು ಕಲ್ಲಿನ ಭಾರವನ್ನು ಹೊರುವ ಉಪಾಯಗಳನ್ನು ಒಂದೊಂದಾಗಿ ಕಂಡುಕೊಂಡ ಬಗೆ ಇಲ್ಲಿನ ಹಳ್ಳಿ ಹಳ್ಳಿಯಲ್ಲೂ ಕಾಣುತ್ತದೆ. ಕೊರ್ಮಾತೆನ್ ಬಳಿ ಹಸಿರು ಹಾದಿಯಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ತಿರುಗಿದರೆ ಸಿಗುವ ಶಾಪೇಜ್‌ನಲ್ಲಿ, ಊರಿನ ಗಾತ್ರಕ್ಕೆ ಹೋಲಿಸಿದರೆ ವಿಪರೀತವೆನಿಸುವ ಸುಮಾರು 35 ಮೀಟರ್ ಎತ್ತರದ ಗಂಟೆಗೋಪುರವಿದೆ. ಗೋಡೆಯ ಮೇಲೆ ತೆಳುವಾದ ಕಲ್ಲಿನ ಪಟ್ಟಿಗಳನ್ನೂ ಕಿರುಕಮಾನುಗಳನ್ನೂ ಸಾಲಾಗಿ ಮೂಡಿಸುವ ಅದರ ಅಲಂಕಾರವನ್ನು ಇಟಲಿಯ ಲೊಂಬಾರ್ಡಿ ಕಡೆಯ ಗಾರೆಯವರ ಶೈಲಿಯೆಂದು ಗುರುತಿಸುತ್ತಾರೆ. ಬೋನ್‌ನ ಕೀರ್ತಿವಂತ ತೋಟಗಳಿಗಿಂತ ಈ ಶಾಪೇಜ್‌ನ ಬದಿದಾರಿಯೇ ಸವಾರನ ಸಮಯಕ್ಕೆ ಹೆಚ್ಚು ಯೋಗ್ಯವೆಂದರೆ ತಪ್ಪಾಗದು. ಧರ್ಮ ಮತ್ತು ಪ್ರಭುತ್ವವನ್ನು ಬೇರ್ಪಡಿಸಿದ 1905ರ ಕಾನೂನಿನ ನಂತರ ಇಂಥ ಹಳೆಯ ಇಗರ್ಜಿಗಳ ಒಡೆತನ ಆಯಾ ಊರಿನ ಸ್ಥಳೀಯ ಆಡಳಿತಕ್ಕೆ ಸೇರಿದೆ. ಮುನ್ನೂರು ಜನರೂ ಇಲ್ಲದ ಊರೊಂದು ಸಾವಿರ ವರ್ಷದ ಗೋಪುರದ ಸೋರಿಕೆ ನಿಲ್ಲಿಸಬೇಕಾಗಿರುವುದು ಸಣ್ಣ ಹೊರೆಯಲ್ಲ.

ಮುಂದಿನ ತೇಜೆಯ ಗುಡ್ಡದ ಮೇಲೆ, ಸಹೋದರ ರೋಜೆ 1940ರಲ್ಲಿ ಬಂದು ನೆಲೆಸಿ ಕಟ್ಟಿದ, ಪ್ರಾಟೆಸ್ಟೆಂಟರೂ ಕಥೋಲಿಕರೂ ಕೂಡಿ ಬಾಳುವ ಸಮುದಾಯವಿದೆ. ಬೇಸಿಗೆಯಲ್ಲಿ ಸಾವಿರಾರು ಯುವಜನರು ಸೇರುವ ಅಲ್ಲಿನ ದೊಡ್ಡ ಇಗರ್ಜಿ 1962ರದು.

ಕ್ಲೂನಿಯನ್ನು ತಲುಪಿದವರಿಗೆ ಮೊದಲು ಕಾಣುವುದು ಇಲ್ಲದಿರುವ ಕಟ್ಟಡ. ಅಕ್ವಿಟೇನಿನ ಡ್ಯೂಕ್ ವಿಲಿಯಂ 910ರಲ್ಲಿ ಸ್ಥಾಪಿಸಿ, ಸ್ಥಳೀಯ ಪಾಳೆಯಗಾರರ ಹಸ್ತಕ್ಷೇಪಕ್ಕೆ ಎಡೆಯಿಲ್ಲದಂತೆ ನೇರವಾಗಿ ಪೋಪರ ರಕ್ಷಣೆಗೆ ಒಪ್ಪಿಸಿದ ಈ ಮಠವು ಎರಡು ಶತಮಾನಗಳಲ್ಲಿ ಯುರೋಪಿನಾದ್ಯಂತ ಸಾವಿರಕ್ಕೂ ಮಿಕ್ಕಿದ ಶಾಖೆಗಳನ್ನು ಹೊಂದಿತು. ಮಠಾಧಿಪತಿ ಹ್ಯೂಗ್ 1088ರಲ್ಲಿ ಆರಂಭಿಸಿದ, ಕ್ಲೂನಿಯ ಮೂರನೆಯದಾದ ಮಹಾ ಇಗರ್ಜಿಗೆ ಸ್ಪೇನಿನ ದೊರೆ ಆರನೇ ಆಲ್ಫೊನ್ಸೊ ತನ್ನ ಮುಸ್ಲಿಂ ಸಾಮಂತರಿಂದ ಪಡೆದ ಕಪ್ಪಕಾಣಿಕೆಯ ಚಿನ್ನವೂ ಹರಿದುಬಂತು. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಇಲ್ಲಿ ಕೆಲಸ ಇನ್ನೂ ನಡೆದಿತ್ತು. 1130ರಲ್ಲಿ ಪೋಪ್ ಎರಡನೇ ಇನ್ನೊಸೆಂಟ್ ಪವಿತ್ರೀಕರಿಸಿದ ಆ ಕಟ್ಟಡ, ಪೂರ್ಣಗೊಂಡಾಗ 187 ಮೀಟರ್ ಉದ್ದವಿದ್ದು, ರೋಮಿನಲ್ಲಿ ಈಗಿನ ಸಂತ ಪೇತ್ರರ ಮಹಾಲಯ ಏಳುವವರೆಗೆ ಕ್ರೈಸ್ತ ಜಗತ್ತಿನ ಅತಿದೊಡ್ಡ ಇಗರ್ಜಿಯಾಗಿತ್ತು.

1789ರ ನವೆಂಬರಿನಲ್ಲಿ ಕ್ರಾಂತಿಕಾರಿ ಸಭೆಯು ಧರ್ಮಸಂಸ್ಥೆಗಳ ಆಸ್ತಿಯನ್ನೆಲ್ಲ ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ತೋಟಗಳು ಹರಾಜಾಗಿ, ಮುಂದೆ ಪಾಲುಪಟ್ಟಿಯಲ್ಲಿ ಹೋಳು ಹೋಳಾದವು. ಒಂದು ಕಾಲಕ್ಕೆ ಒಂದೇ ಮಠದ್ದಾಗಿದ್ದ ಕ್ಲೋ ದ ವೂಜೊಗೆ ಇಂದು ಸುಮಾರು 80 ಮಾಲೀಕರಿದ್ದಾರೆ. ಆದರೂ ಅದರ ಗೋಡೆ ನಿಂತಿದೆ, ಏಕೆಂದರೆ ಗೋಡೆಯೊಳಗಿನ ಹೆಸರಿಗೆ ಬೆಲೆಯಿತ್ತು. ಕ್ಲೂನಿಯ ಇಗರ್ಜಿಗೆ ಅಂಥ ಬೆಲೆ ಇರಲಿಲ್ಲ, ಅದರ ಕಲ್ಲಿಗಷ್ಟೇ ಇತ್ತು: 1798ರಲ್ಲಿ ವ್ಯಾಪಾರಿಗಳ ಪಾಲಾಗಿ, ನಡುವೆಯೇ ಬೀದಿಯೊಂದನ್ನು ಕೊರೆಸಿಕೊಂಡು, 1823ರವರೆಗೂ ಅದು ಕಲ್ಲಿನ ಗಣಿಯಾಗಿ ಬಳಕೆಯಾಯಿತು. ಸರ್ಕಾರಿ ಕುದುರೆಲಾಯವೊಂದು ಅದೇ ಜಾಗದಲ್ಲಿ, ಅದೇ ಕಲ್ಲಿನಲ್ಲಿ ಎದ್ದಿತು. ಮೂಲ ಕಟ್ಟಡದ ಹತ್ತನೇ ಒಂದು ಭಾಗವೂ ಈಗ ಇಲ್ಲ; ದಕ್ಷಿಣದ ಒಂದು ತೋಳು, ಅದರ ಮೇಲೆ ತೀರ್ಥದ ಗೋಪುರವೆಂದು ಕರೆಯುವ ಎಂಟು ಮೂಲೆಯ ಗಂಟೆಗೋಪುರ, ಇವಿಷ್ಟರಿಂದಲೇ ಉಳಿದುದನ್ನು ಊಹಿಸಿಕೊಳ್ಳಬೇಕು. ಅಮೆರಿಕದ ವಿದ್ವಾಂಸ ಕೆನೆತ್ ಕಾನಂಟ್ 1928ರಿಂದ ನಡೆಸಿದ ಉತ್ಖನನವೇ ಆ ಊಹೆಗೆ ತಳಹದಿ.

ಕ್ಲೂನಿಯಿಂದ ಮಾಕೋನ್ ಕಡೆಗೆ ಹಸಿರು ಹಾದಿ ಬ್ವಾ ಕ್ಲೇರ್ ಎಂಬ 1.6 ಕಿಲೋಮೀಟರ್ ಉದ್ದದ ಹಳೆಯ ರೈಲು ಸುರಂಗವನ್ನು ಹೊಕ್ಕು ಹೊರಬೀಳುತ್ತದೆ. ಒಳಗೆ ಬೇಸಿಗೆಯಲ್ಲೂ ಚಳಿ ಇರುವುದರಿಂದ ಒಂದು ಮೇಲಂಗಿ ಬೇಕು. ಚಳಿಗಾಲದಲ್ಲಿ ಬಾವಲಿಗಳ ವಾಸಕ್ಕಾಗಿ ಸುರಂಗವನ್ನು ಮುಚ್ಚುವುದರಿಂದ ಆಗ ಬಂದವರು ಗುಡ್ಡದ ಮೇಲಿನ ರಸ್ತೆಯನ್ನೇ ಹತ್ತಬೇಕು. ಆಚೆ ಬದಿಯಲ್ಲಿ ದ್ರಾಕ್ಷಿತೋಟಗಳು ಮತ್ತೆ ಶುರುವಾಗುತ್ತವೆ, ಅವುಗಳ ನಡುವೆ ಬೆರ್ಜೆ-ಲಾ-ವಿಲ್ ಹಳ್ಳಿಯ ಪುಟ್ಟ ಪ್ರಾರ್ಥನಾಲಯವಿದೆ. ಕ್ಲೂನಿಯ ಮಠಾಧಿಪತಿ ಹ್ಯೂಗ್ ವಿಶ್ರಾಂತಿಗೆ ಬರುತ್ತಿದ್ದ ಈ ತಾಣದ ಭಿತ್ತಿಚಿತ್ರಗಳು, ನೀಲಿ ಹಿನ್ನೆಲೆಯ ಮೇಲೆ ಸಿಂಹಾಸನಾರೂಢನಾದ ಕ್ರಿಸ್ತ ಮತ್ತು ಅವನ ಸುತ್ತ ಪ್ರೇಷಿತರು, ಸುಣ್ಣದ ಲೇಪದಡಿ ಶತಮಾನಗಳ ಕಾಲ ಮರೆಯಾಗಿದ್ದು 1887ರಲ್ಲಿ ಪತ್ತೆಯಾದವು. ಮಹಾ ಇಗರ್ಜಿಯ ಜೊತೆಗೆ ಅಳಿದುಹೋದ ಕ್ಲೂನಿಯ ವರ್ಣಚಿತ್ರಕಲೆ ಹೇಗಿತ್ತೆಂಬುದಕ್ಕೆ ಇದೇ ಅತ್ಯುತ್ತಮ ಸಾಕ್ಷಿ. ಬ್ರಿಟನ್ನಿನ ಕಲಾ ಇತಿಹಾಸಕಾರ್ತಿ ಜೋನ್ ಇವಾನ್ಸ್ ಸ್ವಂತ ಹಣದಿಂದ ಪ್ರಾರ್ಥನಾಲಯವನ್ನು ಕೊಂಡು ಮಾಕೋನ್‌ನ ವಿದ್ವತ್ ಅಕಾಡೆಮಿಗೆ ಕಾಣಿಕೆ ಕೊಟ್ಟದ್ದರಿಂದ ಅದು ಉಳಿದಿದೆ.

ಮಾಕೋನ್‌ನಿಂದ ಬೋನ್‌ಗೆ ಮರಳಲು ಪ್ರಾದೇಶಿಕ ರೈಲಿದೆ, ಸೈಕಲ್ಲನ್ನೂ ಅದರಲ್ಲಿ ಒಯ್ಯಬಹುದು. ನಡುವೆ ತೂರ್ನ್ಯು ನಿಲ್ದಾಣದಲ್ಲಿ ಇಳಿಯದೆ ಹೋಗುವುದು ನಷ್ಟ, ಏಕೆಂದರೆ ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಂತ ಫಿಲಿಬರ್ಟರ ಮಠದ ಇಗರ್ಜಿ ಸಿಗುತ್ತದೆ. ವೈಕಿಂಗರ ದಾಳಿಗೆ ಹೆದರಿ ಅಟ್ಲಾಂಟಿಕ್ ದ್ವೀಪವೊಂದರಿಂದ ತಮ್ಮ ಸಂತನ ಅಸ್ಥಿಗಳನ್ನು ಹೊತ್ತು ಅಲೆದ ಮಠವಾಸಿಗಳು 875ರಲ್ಲಿ ಇಲ್ಲಿ ನೆಲೆ ಕಂಡರು. ಅವರ ಉತ್ತರಾಧಿಕಾರಿಗಳು 11ನೇ ಶತಮಾನದಲ್ಲಿ ಕಟ್ಟಿಸಿದ ಸಭಾಂಗಣದ ಮೇಲೆ, ಉದ್ದಕ್ಕೆ ಒಂದೇ ಕಮಾನುಚಾವಣಿ ಹಾಸುವ ಬದಲು, ಅಡ್ಡಡ್ಡಲಾಗಿ ಸಾಲು ಕಮಾನುಗಳನ್ನು ಕೂರಿಸಲಾಗಿದೆ. ಒಂದರ ಒತ್ತಡವನ್ನು ಪಕ್ಕದ್ದು ತಡೆಯುವುದರಿಂದ ಹೊರಗೋಡೆಗಳ ಮೇಲಿನ ಭಾರ ಇಳಿದು, ಎತ್ತರದಲ್ಲಿ ದೊಡ್ಡ ಕಿಟಕಿಗಳನ್ನಿಡಲು ಸಾಧ್ಯವಾಯಿತು. ಕತ್ತಲೆಯ ಸಮಸ್ಯೆಗೆ ಇಷ್ಟು ಜಾಣ ಪರಿಹಾರವಾಗಿದ್ದರೂ, ಕಣ್ಣನ್ನು ಪೂಜಾವೇದಿಕೆಯ ಕಡೆಗೆ ಎಳೆಯದೆ ಒಂದೊಂದು ಕಮಾನಿನಲ್ಲೂ ತಡೆಯುತ್ತದೆಂದೋ ಏನೋ, ಇದನ್ನು ಅನುಸರಿಸಿದ ಇಗರ್ಜಿಗಳು ತೀರ ಕಡಿಮೆ.