ಚೀನಾದ ಓಣಿ ಮಾರ್ಕೆಟ್ಟಲ್ಲಿ ತಾಜಾ ತರಕಾರಿ ಆರಿಸೋದು ಹೇಗೆ?



2021ರ ಸೆಪ್ಟೆಂಬರ್ ಕೊನೆಯಲ್ಲಿ ಶಾಂಘೈ ನಗರದ ಒಂದು ತರಕಾರಿ ಮಾರ್ಕೆಟ್ಟಿಗೆ ಜನ ಮುಗಿಬಿದ್ದು ಬಂದ್ರು. ವುಝೋಂಗ್ ಮಾರ್ಕೆಟ್ ಅಂತ ಅದರ ಹೆಸರು. ಪ್ರಾಡಾ ಅನ್ನೋ ಇಟಲಿಯ ದುಬಾರಿ ಫ್ಯಾಷನ್ ಕಂಪನಿ ಎರಡು ವಾರದ ಮಟ್ಟಿಗೆ ಆ ಮಾರ್ಕೆಟ್ಟಿಗೆ ಒಳಗೂ ಹೊರಗೂ ತನ್ನ ಡಿಸೈನಿನ ಬಟ್ಟೆ ತೊಡಿಸಿದ ಹಾಗೆ ಸಿಂಗಾರ ಮಾಡಿತ್ತು. ಸೊಪ್ಪಿನ ಕಟ್ಟಿಗೂ ಪ್ರಾಡಾ ಕಾಗದ. ಹುಡುಗ ಹುಡುಗಿಯರು ಬಂದ್ರು, ಸೊಪ್ಪು ಹಿಡಿದು ಫೋಟೋ ತೆಗೆಸಿಕೊಂಡ್ರು. ಕೆಲವರು ಕಾಗದ ಇಟ್ಟುಕೊಂಡು ತರಕಾರಿ ಎಸೆದು ಹೋದ್ರು ಅಂತ ಸುದ್ದಿ ಆಯ್ತು. ಅಲ್ಲಿನ ಜನ ಬೈದ್ರು ನೋಡಿ, ಸರಿಯಾಗೇ ಬೈದ್ರು.

ಯಾಕೆ ಅಷ್ಟು ಸಿಟ್ಟು ಅಂತ ಗೊತ್ತಾಗಬೇಕಾದ್ರೆ ಈ ಮಾರ್ಕೆಟ್ಟು ಅಲ್ಲಿಯ ಮನೆಗಳಿಗೆ ಏನು ಅಂತ ಗೊತ್ತಿರಬೇಕು. ಇವತ್ತು ಅದನ್ನೇ ಮಾತಾಡೋಣ.

ಚೀನೀ ಭಾಷೆಯಲ್ಲಿ ಇದಕ್ಕೆ 'ತ್ಸಾಯ್ ಶಿ ಚಾಂಗ್' ಅಂತಾರೆ. 'ತ್ಸಾಯ್' ಅಂದ್ರೆ ಸೊಪ್ಪು ತರಕಾರಿ. ಬೇಯಿಸಿ ತಟ್ಟೆಗೆ ಬಡಿಸಿದ ಅಡುಗೆಯೂ 'ತ್ಸಾಯ್' ಅನ್ನೇ. ಇದನ್ನ ಕೇಳಿದಾಗ ಉತ್ತರ ಕರ್ನಾಟಕದವರಿಗೆ ಆಶ್ಚರ್ಯ ಆಗಲ್ಲ. ನಮ್ಮ ಕಡೆ ಸಂತೆಯಲ್ಲಿ ಕೊಳ್ಳೋ ಮೆಂತ್ಯೆ ಸೊಪ್ಪೂ ಪಲ್ಯ, ರೊಟ್ಟಿ ಜೊತೆ ಬಡಿಸೋದೂ ಪಲ್ಯ, ಎಲ್ಲ ಸೇರಿ ಕಾಯಿಪಲ್ಯ. ಹಸಿ ಪದಾರ್ಥಕ್ಕೂ ಅಡುಗೆಗೂ ನಡುವೆ ಹೆಚ್ಚು ದೂರ ಇಲ್ಲ ಅನ್ನೋ ಮನಸ್ಸು ಎರಡೂ ಕಡೆ ಇದೆ. ಬೆಳಗ್ಗೆ ಕೊಂಡಿದ್ದು ಮಧ್ಯಾಹ್ನ ಬಾಣಲೆಗೆ ಬೀಳಬೇಕು.

ಇಂಗ್ಲಿಷಿನಲ್ಲಿ ಇದಕ್ಕೆ 'ವೆಟ್ ಮಾರ್ಕೆಟ್' ಅನ್ನೋ ಹೆಸರಿದೆ. 2020ರಲ್ಲಿ ವುಹಾನ್ ಸುದ್ದಿ ಬಂದಾಗಿನಿಂದ ಈ ಮಾತು ಕೇಳಿದ್ರೆ ನಮ್ಮವರಿಗೆ ಬಾವಲಿ, ಹಾವು ನೆನಪಾಗ್ತವೆ. ಕಾಡುಪ್ರಾಣಿ ಮಾರೋ ಅಂಗಡಿಗಳು ಕೆಲವು ಕಡೆ ಇದ್ದದ್ದು ನಿಜ. 2020ರ ಫೆಬ್ರವರಿಯಲ್ಲಿ ಚೀನಾ ಕಾಡುಪ್ರಾಣಿಗಳನ್ನ ತಿನ್ನೋದನ್ನೂ ಅದರ ವ್ಯಾಪಾರವನ್ನೂ ನಿಷೇಧ ಮಾಡ್ತು. ಆದ್ರೆ ಓಣಿಯ ಮಾಮೂಲಿ ಮಾರ್ಕೆಟ್ಟಿಗೆ ಹೋದ್ರೆ ಕಾಣೋದು ಸೊಪ್ಪು, ಕಾಯಿ, ತೋಫು, ಮೊಟ್ಟೆ, ಹಂದಿ ಮಾಂಸ, ತೊಟ್ಟಿಯಲ್ಲಿ ಈಜೋ ಮೀನು. ನೆಲ ಯಾವಾಗಲೂ ಒದ್ದೆ. 'ವೆಟ್' ಅನ್ನೋ ಹೆಸರಿಗೆ ಕಾರಣ ಅಷ್ಟೇ.

ಇನ್ನು ತರಕಾರಿ. ಇಲ್ಲಿ ನಮಗೆ ಅಪರಿಚಿತ ಅಂತ ಅನಿಸೋದು ತುಂಬಾ ಕಡಿಮೆ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಹೀರೇಕಾಯಿ ಜಾತಿಯದು ಇದೆ, 'ರೇಷ್ಮೆ ಕಾಯಿ' ಅಂತ ಕರೀತಾರೆ. ಸೋರೆಕಾಯಿ, ಮೂಲಂಗಿ, ಅಲಸಂದೆಕಾಯಿ, ಕೆಸುವಿನ ಗಡ್ಡೆ ಎಲ್ಲ ಇವೆ. ಸೀಮೆಬದನೆಗೆ 'ಬುದ್ಧನ ಕೈ ಕಾಯಿ' ಅಂತ ಹೆಸರು, ಹಿಡಿದ ಮುಷ್ಟಿ ತರ ಕಾಣತ್ತಲ್ಲ, ಅದಕ್ಕೆ. ಹಾಗಲಕಾಯಿಗೆ ನೇರವಾಗಿ 'ಕಹಿ ಕಾಯಿ' ಅಂತಾರೆ. ಆದ್ರೆ ದಕ್ಷಿಣದ ಗುವಾಂಗ್‌ಡಾಂಗ್ ಕಡೆ ಕಹಿ ಅನ್ನೋ ಮಾತು ಬಾಯಲ್ಲಿ ಬರೋದು ಬೇಡ ಅಂತ 'ತಂಪು ಕಾಯಿ' ಅಂತಾರೆ. ನಮ್ಮಲ್ಲಿ ದೀಪ ಆರಿಸು ಅನ್ನದೆ ದೀಪ ದೊಡ್ಡದು ಮಾಡು ಅಂತೀವಲ್ಲ, ಹಾಗೆ. ಬೂದುಗುಂಬಳಕ್ಕೆ 'ಚಳಿಗಾಲದ ಕಾಯಿ' ಅಂತ ಹೆಸರು, ಬೆಳೆಯೋದು ಬೇಸಿಗೆಯಲ್ಲಿ! ಮೇಲಿನ ಬಿಳಿ ಪುಡಿ ಮಂಜು ಬಿದ್ದ ಹಾಗೆ ಕಾಣತ್ತೆ ಅಂತ ಕಾರಣ ಹೇಳ್ತಾರೆ. ನಮಗೆ ಬೂದಿ ಕಂಡಿತು, ಅವರಿಗೆ ಮಂಜು ಕಂಡಿತು. ಕೆಂಪು ದಂಟಿನ ಸೊಪ್ಪು ಬೇಸಿಗೆಯಲ್ಲಿ ರಾಶಿ ರಾಶಿ ಬರತ್ತೆ. ಅದರ ಗುಲಾಬಿ ರಸ ಅನ್ನಕ್ಕೆ ಬಣ್ಣ ಕೊಟ್ಟಾಗ ಅಲ್ಲಿನ ಮಕ್ಕಳೂ ಖುಷಿಪಡ್ತಾರೆ. ವಸಂತ ಬಂದ್ರೆ ಕಳಲೆ. ಕೊಡಗು, ಮಲೆನಾಡಿನವರಿಗೆ ಇದರ ಬಗ್ಗೆ ನಾನು ಹೇಳೋದೇ ಬೇಡ.

ಸರಿ, ಆರಿಸೋದು ಹೇಗೆ? ಅಲ್ಲಿನ ಅಜ್ಜಿಯರನ್ನ ನೋಡಿ ಕಲೀಬೇಕು. ಮಾರ್ಕೆಟ್ಟಿನ ನಿಜವಾದ ಇನ್‌ಸ್ಪೆಕ್ಟರುಗಳು ಅವರೇ. ಸೊಪ್ಪಿನ ಕಟ್ಟನ್ನ ಎತ್ತಿ ಮೊದಲು ಜಾಡಿಸ್ತಾರೆ, ಯಾಕಂದ್ರೆ ಚಿಮುಕಿಸಿದ ನೀರಿಗೂ ತೂಕ ಇದೆ. ಆಮೇಲೆ ಬುಡ ತಿರುಗಿಸಿ ಕತ್ತರಿಸಿದ ಜಾಗ ನೋಡ್ತಾರೆ. ಎಲೆ ಮೇಲೆ ನೀರು ಹಾಕಿ ಮೋಸ ಮಾಡಬಹುದು, ಬುಡ ಒಣಗಿ ಕಂದಾಗಿದ್ರೆ ಮುಚ್ಚಿಡೋಕಾಗಲ್ಲ. 'ಕಾಯ್‌ಲಾನ್' ಅಂತ ದಪ್ಪ ದಂಟಿನ ಸೊಪ್ಪು ಇದೆ, ಕೋಸಿನ ಸಂಬಂಧಿ. ಅದರ ಮೊಗ್ಗು ಮುಚ್ಚಿರಬೇಕು. ಹೂ ಅರಳಿ ದಂಟಿನ ನಡುವೆ ಬಿಳಿ ಕಂಡ್ರೆ ಅದು ಬಲಿತು ನಾರಾಗಿದೆ ಅಂತ ಲೆಕ್ಕ. ಒಳಗೆ ಟೊಳ್ಳಾದ ದಂಟಿರೋ ನೀರುಸೊಪ್ಪು ಇನ್ನೊಂದು, ಬಂಗಾಳಿಗಳು ಕಲ್ಮಿ ಅನ್ನೋದು ಇದನ್ನೇ. ಉಗುರಿಂದ ಒತ್ತಿದ್ರೆ ಟಕ್ ಅಂತ ಮುರೀಬೇಕು. ನಾವು ಬೆಂಡೆಕಾಯಿ ತುದಿ ಮುರಿದು ನೋಡೋದೂ ಇದೇ ವಿದ್ಯೆ.

ತಾವರೆ ಬೇರಿನದು ಮಾತ್ರ ಒಂದು ಬೇರೇ ಶಾಸ್ತ್ರ. ಅಡ್ಡ ಕತ್ತರಿಸಿದ್ರೆ ತೂತು ಕಾಣತ್ತಲ್ಲ, ಅದನ್ನ ಎಣಿಸ್ತಾರೆ. ಏಳು ತೂತಿನದು ಹಿಟ್ಟು ಹಿಟ್ಟಾಗಿ ಬೇಯತ್ತೆ, ಸೂಪಿಗೆ. ಒಂಬತ್ತು ತೂತಿನದು ಗರಿಗರಿ, ಬಾಣಲೆಯಲ್ಲಿ ಹುರಿಯೋದಕ್ಕೆ. ಮೈಗೆಲ್ಲ ಕೆಸರು ಮೆತ್ತಿಕೊಂಡಿರೋದನ್ನೇ ತಗೋತಾರೆ. ತೊಳೆದು ಬೆಳ್ಳಗೆ ಹೊಳೀತಿದ್ರೆ 'ಇದಕ್ಕೆ ಏನು ಹಾಕಿದ್ದೀರಪ್ಪ' ಅಂತ ಅನುಮಾನ.

ಚಳಿಗಾಲದಲ್ಲಿ ಶಾಂಘೈ ಜನ ಮಂಜು ಬಿದ್ದ ಮೇಲಿನ ಹಸಿರು ಸೊಪ್ಪಿಗಾಗಿ ಕಾಯ್ತಾರೆ. ಇದು ಬರೀ ನಂಬಿಕೆ ಅಲ್ಲ. ಚಳಿ ಹೆಚ್ಚಾದಾಗ ಗಿಡ ತನ್ನೊಳಗಿನ ಪಿಷ್ಟವನ್ನ ಸಕ್ಕರೆ ಮಾಡಿಕೊಳ್ಳತ್ತೆ, ಜೀವಕೋಶದ ನೀರು ಬೇಗ ಹೆಪ್ಪುಗಟ್ಟದ ಹಾಗೆ ಅದು ಕಾಪಾಡತ್ತೆ. ಗಿಡ ತನ್ನ ಜೀವ ಉಳಿಸಿಕೊಳ್ಳೋಕೆ ಮಾಡಿದ ಏರ್ಪಾಡು ನಮ್ಮ ನಾಲಿಗೆಗೆ ಸಿಹಿ ಆಗತ್ತೆ.

ಕಣ್ಣನ್ನ ನಂಬಿ ಕೊಳ್ಳೋ ಕಡೆ ಕಣ್ಣಿಗೆ ಮೋಸ ಮಾಡೋರೂ ಇರ್ತಾರೆ. ಮಾಂಸದ ಮೇಲೆ ಕೆಂಪು ದೀಪ, ಸೊಪ್ಪಿನ ಮೇಲೆ ಹಸಿರು ಮಿಶ್ರಿತ ದೀಪ ಹಾಕಿದ್ರೆ ನಿನ್ನೆಯದೂ ಇವತ್ತಿನದರ ಹಾಗೆ ಕಾಣತ್ತೆ. ಇವುಗಳಿಗೆ 'ತಾಜಾ ದೀಪ' ಅಂತಲೇ ಹೆಸರಿತ್ತು! ಪದಾರ್ಥದ ನಿಜವಾದ ಬಣ್ಣ ಬದಲಾಗಿ ಕಾಣೋ ಹಾಗೆ ದೀಪ ಹಾಕಬಾರದು ಅಂತ 2023ರ ಡಿಸೆಂಬರ್ 1ರಿಂದ ಚೀನಾದಲ್ಲಿ ನಿಯಮ ಬಂತು. ಇಂಥ ನಿಯಮ ನಮ್ಮಲ್ಲೂ ಬಂದ್ರೆ ಹಣ್ಣಿನಂಗಡಿಗಳ ಅರ್ಧ ಬಲ್ಬು ಬಿಚ್ಚಬೇಕಾಗತ್ತೆ ಅಂತ ನನ್ನ ಲೆಕ್ಕ.

ತೂಕದ ವಿಷಯ. ಬೆಲೆ ಹೇಳೋದು ಕಿಲೋಗಲ್ಲ, 'ಜಿನ್' ಲೆಕ್ಕದಲ್ಲಿ. ಒಂದು ಜಿನ್ ಅಂದ್ರೆ ಅರ್ಧ ಕಿಲೋ. ಹೊಸಬರು ಬೋರ್ಡು ನೋಡಿ ಅಗ್ಗ ಅಂದುಕೊಂಡು ಆಮೇಲೆ ಎರಡರಷ್ಟು ಕೊಡ್ತಾರೆ. ಜಿನ್ನಿಗೆ ಈಗ ಹತ್ತು 'ಲಿಯಾಂಗ್'. 1959ರ ತನಕ ಹದಿನಾರು ಇತ್ತು. ಅದಕ್ಕೇ ಅಲ್ಲಿ 'ಅರ್ಧ ಜಿನ್, ಎಂಟು ಲಿಯಾಂಗ್' ಅಂತ ಗಾದೆ ಇದೆ, ಎರಡೂ ಒಂದೇ ಅಂತ ಅರ್ಥ. ನಮ್ಮ ಹಿರಿಯರಿಗೂ ಸೇರಿಗೆ ಹದಿನಾರು ಚಟಾಕು ಇತ್ತಲ್ಲ? ಹದಿನಾರನ್ನ ಅರ್ಧ, ಕಾಲು, ಅರೆಕಾಲು ಮಾಡ್ತಾ ಹೋಗೋದು ಸುಲಭ, ತಕ್ಕಡಿಯಲ್ಲಿ ಎರಡು ಪಾಲು ಮಾಡ್ತಾ ಹೋದ್ರೆ ಸಾಕು. ತೂಕದ ಮೇಲೆ ಅನುಮಾನ ಬಂದ್ರೆ ಎಷ್ಟೋ ಮಾರ್ಕೆಟ್ಟುಗಳಲ್ಲಿ 'ನ್ಯಾಯದ ತಕ್ಕಡಿ' ಇಟ್ಟಿರ್ತಾರೆ. ನೀವೇ ಹೋಗಿ ಮತ್ತೆ ತೂಗಿ ನೋಡಬಹುದು. ಜಗಳ ಆಡೋ ಅಗತ್ಯ ಇಲ್ಲ.

ಭಾಷೆ ಬರದೇ ಇದ್ರೆ? ಅಂಗಡಿಯವರು ಒಂದೇ ಕೈಯಲ್ಲಿ ಹತ್ತರ ತನಕ ತೋರಿಸ್ತಾರೆ. ಹೆಬ್ಬೆರಳು, ಕಿರುಬೆರಳು ಎರಡೂ ಚಾಚಿದ್ರೆ ಆರು. ತೋರುಬೆರಳು ಕೊಕ್ಕೆ ಮಾಡಿದ್ರೆ ಒಂಬತ್ತು. ಅವರ ಭಾಷೆಯಲ್ಲಿ ನಾಲ್ಕಕ್ಕೂ ಹತ್ತಕ್ಕೂ ಉಚ್ಚಾರ ಹತ್ತಿರ ಹತ್ತಿರ, ದಕ್ಷಿಣದವರ ಬಾಯಲ್ಲಿ ಇನ್ನೂ ಹತ್ತಿರ. ಹಾಗಾಗಿ ಅವರವರ ನಡುವೆಯೂ ಬೆರಳು ಉಪಯೋಗಕ್ಕೆ ಬರತ್ತೆ. ನಮ್ಮ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡ್ತಾರೆ, ಗುಟ್ಟಾಗಿ. ಇಲ್ಲಿ ಎಲ್ಲರಿಗೂ ಕಾಣೋ ಹಾಗೆ. ದುಡ್ಡು ಕೊಡೋದಂತೂ ನಮ್ಮ ಯುಪಿಐ ಇದ್ದ ಹಾಗೇ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಡಬ್ಬಿ ಕೂಗಿ ಹೇಳತ್ತೆ.

ತೂಕ ಆಯ್ತು, ಹಣ ಆಯ್ತು. ಆಮೇಲೆ ಅಂಗಡಿಯಾಕೆ ಕೇಳದೇನೇ ನಾಲ್ಕು ಎಸಳು ಈರುಳ್ಳಿ ಸೊಪ್ಪು ಚೀಲಕ್ಕೆ ಸೇರಿಸ್ತಾಳೆ. ದುಡ್ಡಿಲ್ಲ. ಇದಕ್ಕೆ ನಮ್ಮಲ್ಲಿ ಸರಿಯಾದ ಪದ ಇದೆ, ಕೊಸರು. ಮುಂಬೈ, ಪುಣೆಯಲ್ಲಿ ಕರಿಬೇವು ಕೊತ್ತಂಬರಿ ಹೀಗೇ ಸಿಗತ್ತೆ. ಅದು ಬೆಲೆ ಇಲ್ಲದ ವಸ್ತು ಅಂತ ಕೊಡೋದಲ್ಲ, ನಾಳೆಯೂ ಬನ್ನಿ ಅಂತ ಕೊಡೋದು. ರೋಜು ಬರೋ ಗಿರಾಕಿಗೆ ನಿನ್ನೆಯ ಸೊಪ್ಪು ಕಟ್ಟಿಕೊಟ್ರೆ ನಾಳೆ ಬೆಳಗ್ಗೆ ಮುಖ ಕೊಟ್ಟು ಮಾತಾಡಬೇಕಲ್ಲ! ತಾಜಾತನಕ್ಕೆ ದೊಡ್ಡ ಗ್ಯಾರಂಟಿ ಇದೇ ಅಂತ ನಾನು ತಿಳಿದಿದ್ದೇನೆ, ದೀಪದ ನಿಯಮಕ್ಕಿಂತ.

ಇಷ್ಟು ಬಗೆಯ ತರಕಾರಿ ಅಲ್ಲಿ ಯಾವಾಗಲೂ ಇರಲಿಲ್ಲ. ಬೀಜಿಂಗ್‌ನಂಥ ಉತ್ತರದ ಊರುಗಳಲ್ಲಿ ಹಿಂದೆ ಚಳಿಗಾಲ ಅಂದ್ರೆ ಎಲೆಕೋಸು, ಮೂಲಂಗಿ, ಆಲೂಗಡ್ಡೆ ಅಷ್ಟೇ. ಮನೆಮನೆಯಲ್ಲೂ ನೂರಾರು ಜಿನ್ ಕೋಸು ಕೊಂಡು ಮೆಟ್ಟಿಲ ಮೇಲೆ, ಅಂಗಳದಲ್ಲಿ ಪೇರಿಸಿಡ್ತಿದ್ರು. 1988ರಲ್ಲಿ ಸರ್ಕಾರ 'ತರಕಾರಿ ಬುಟ್ಟಿ' ಅನ್ನೋ ಯೋಜನೆ ಶುರು ಮಾಡ್ತು. ಆಮೇಲೆ ಊರಿನ ಬುಟ್ಟಿ ತುಂಬಿರೋ ಹಾಗೆ ನೋಡಿಕೊಳ್ಳೋ ಹೊಣೆಯನ್ನ ಆಯಾ ಮೇಯರ್ ತಲೆಗೆ ಕಟ್ಟಿದ್ರು. 1989ರಲ್ಲಿ ಶಾಂಡಾಂಗ್ ಪ್ರಾಂತ್ಯದ ಶೌಗುವಾಂಗ್ ಹತ್ತಿರದ ಹಳ್ಳಿಯಲ್ಲಿ ವಾಂಗ್ ಲೆಯಿ ಅನ್ನೋರು ಊರವರನ್ನ ಕೂಡಿಸಿ, ಕಲ್ಲಿದ್ದಲು ಸುಡದೆ ಬರೀ ಬಿಸಿಲಿನ ಕಾವಿನಲ್ಲಿ ಚಳಿಗಾಲದಲ್ಲೂ ತರಕಾರಿ ಬೆಳೆಯೋ ಹದಿನೇಳು ಹಸಿರುಮನೆ ಕಟ್ಟಿಸಿದ್ರು. ಆ ಪದ್ಧತಿ ಉತ್ತರ ಚೀನಾದಲ್ಲೆಲ್ಲ ಹರಡ್ತು.

ಈಗ ಪೈಪೋಟಿ ಮೊಬೈಲ್ ಜೊತೆ. 2020ರಲ್ಲಿ ದೊಡ್ಡ ಇಂಟರ್ನೆಟ್ ಕಂಪನಿಗಳು ಒಂದೊಂದು ವಸತಿಯ ಜನರಿಂದ ಒಟ್ಟಿಗೆ ಆರ್ಡರ್ ತಗೊಂಡು, ನಷ್ಟಕ್ಕೆ ಮಾರಿ ಓಣಿ ಅಂಗಡಿಯವರ ಗಿರಾಕಿಗಳನ್ನ ಸೆಳೀತಿದ್ವು. ಆ ಡಿಸೆಂಬರಿನಲ್ಲಿ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿಯೇ ಅವುಗಳನ್ನ ತರಾಟೆಗೆ ತಗೊಳ್ತು: ಇಷ್ಟು ದುಡ್ಡು, ಇಷ್ಟು ತಂತ್ರಜ್ಞಾನ ಇಟ್ಟುಕೊಂಡು ಬರೀ ಕೋಸಿನ ಕಟ್ಟಿನ ಮೇಲೆ ಕಣ್ಣು ಹಾಕಬೇಡಿ ಅನ್ನೋ ಅರ್ಥದಲ್ಲಿ. ಆಪ್ ಬಿಟ್ಟವರು ಯಾರೂ ಇಲ್ಲ, ಆಪ್‌ನಿಂದ ಅನುಕೂಲ ಇದ್ದೇ ಇದೆ. ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆಗೆ ಬರೋರಿಗೆ ಬೆಳಗಿನ ಮಾರ್ಕೆಟ್ ಎಲ್ಲಿಂದ ಸಿಗಬೇಕು? ಹೈದರಾಬಾದಿನಲ್ಲಿರೋ ನಮ್ಮ ಸಾಫ್ಟ್‌ವೇರ್ ಮಕ್ಕಳನ್ನ ಕೇಳಿ, ಇದೇ ಹೇಳ್ತಾರೆ.

ಆದ್ರೆ ಬೆಳಗ್ಗೆ ಆರೂವರೆಗೆ ಗಾಲಿ ಚೀಲ ಎಳೆದುಕೊಂಡು ಬರೋ ಅಜ್ಜಿಗೆ ಆ ಅಂಗಡಿಯಾಕೆ ಬಟಾಣಿ ಸುಲಿಯುತ್ತಲೇ ಮೊಣಕಾಲು ನೋವು ಹೇಗಿದೆ ಅಂತ ಕೇಳ್ತಾಳೆ. ಇವತ್ತು ಏನು ಮಾಡ್ತೀರಿ, ಸೂಪಾ ಪಲ್ಯಾನಾ ಅಂತ ಕೇಳ್ತಾಳೆ. ಸೂಪು ಅಂದ್ರೆ ಏಳು ತೂತಿನ ತಾವರೆ ಬೇರನ್ನ ರಾಶಿಯ ಅಡಿಯಿಂದ ಹುಡುಕಿ ಕೊಡ್ತಾಳೆ.