ನೋವಿನ ನೆನಪು, ಇತಿಹಾಸದ ಅರಿವು

ಕಳೆದ ಶ್ರಾವಣದಲ್ಲಿ ಸದ್ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಊಟವಾದ ಮೇಲೆ ಮಾತು ಎಂದಿನಂತೆ ರಾಜಕೀಯದತ್ತ ಹೊರಳಿತು. ಮನೆಯ ಹಿರಿಯರು, “ನಮ್ಮವರು ಕುರ್ಚಿ ಏರಿದರೆ ಕಾಲು ಹಿಡಿದು ಎಳೆಯುವವರೇ ಎಲ್ಲರೂ. ಬೊಮ್ಮಾಯಿಯವರಿಗೆ ಆದದ್ದನ್ನು ಕಂಡಿಲ್ಲವೇ?” ಎಂದರು. ಕಾಲೇಜಿನಲ್ಲಿ ಓದುವ ಮೊಮ್ಮಗಳು, “ಅವರಿಗೆ ಆದದ್ದೇನು ಅಜ್ಜಾ?” ಎಂದು ಕೇಳಿದಳು. ಹಿರಿಯರಿಗೆ ನೋವು ನೆನಪಿತ್ತು; ನಡೆದ ಸಂಗತಿ ಮರೆತಿತ್ತು. ಆ ಮಗುವಿಗೆ ಅಂದು ನಾವು ಹೇಳಿದ್ದನ್ನು ಓದುಗ ಬಂಧುಗಳ ಮುಂದೆಯೂ ಇರಿಸುತ್ತಿದ್ದೇವೆ.

ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ತರುವಾಯ, 1988ರ ಆಗಸ್ಟ್ ತಿಂಗಳಿನಲ್ಲಿ ಎಸ್.ಆರ್. ಬೊಮ್ಮಾಯಿಯವರು ನಮ್ಮ ರಾಜ್ಯದ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲ್‌ನಲ್ಲಿ 19 ಮಂದಿ ಶಾಸಕರು ಬೆಂಬಲ ಹಿಂದೆಗೆದುಕೊಂಡಿದ್ದಾರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಆದರೆ ಅವರಲ್ಲಿಯೇ 7 ಮಂದಿ, ತಾವು ಸರ್ಕಾರದ ಪರವಾಗಿಯೇ ಇರುವುದಾಗಿ ಬರೆದುಕೊಟ್ಟರು. ವಿಧಾನಸಭೆಯಲ್ಲಿಯೇ ಬಹುಮತವನ್ನು ತೋರಿಸಲು ಸಿದ್ಧವೆಂದು ಮುಖ್ಯಮಂತ್ರಿಗಳು ತಿಳಿಸಿದರು. ರಾಜ್ಯಪಾಲರು ಆ ಅವಕಾಶವನ್ನು ಕೊಡಲಿಲ್ಲ. ಏಪ್ರಿಲ್ 21ರಂದು ಸಂವಿಧಾನದ 356ನೆಯ ವಿಧಿಯನ್ವಯ ಸರ್ಕಾರ ವಜಾ ಆಯಿತು.

ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಉಚ್ಚ ನ್ಯಾಯಾಲಯದಲ್ಲಿ ಸೋತರೂ ಕೈಬಿಡಲಿಲ್ಲ. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು: ಸರ್ಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದು ನಿರ್ಣಯವಾಗಬೇಕಾದುದು ಸದನದಲ್ಲಿ, ರಾಜಭವನದಲ್ಲಿ ಅಲ್ಲ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದು. ಅಷ್ಟರಲ್ಲಿ 1989ರ ಚುನಾವಣೆ ಮುಗಿದು, ಬೇರೆ ಸರ್ಕಾರ ಬಂದು ವರ್ಷಗಳೇ ಕಳೆದಿದ್ದವು. ಕಳೆದುಕೊಂಡ ಪದವಿ ಅವರಿಗೆ ಮರಳಲಿಲ್ಲ. ನಾಡಿಗೆ ಮಾತ್ರ ಒಂದು ನಿಯಮ ದೊರಕಿತು.

ಈ ನಿಯಮವನ್ನು ಬಲ್ಲವರಿಗೆ 2018ರ ಮೇ ತಿಂಗಳ ಘಟನೆಗಳು ಒಗಟಾಗಲಿಲ್ಲ. ಅಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರಿಗೆ ಬಹುಮತ ಸಾಬೀತುಪಡಿಸಲು ರಾಜ್ಯಪಾಲರು 15 ದಿನಗಳ ಕಾಲಾವಕಾಶ ನೀಡಿದ್ದರು. ಸರ್ವೋಚ್ಚ ನ್ಯಾಯಾಲಯವು ಮೇ 19ರಂದೇ ಸದನದಲ್ಲಿ ಪರೀಕ್ಷೆ ನಡೆಯಲೆಂದಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆಯಿತ್ತರು. ಬೊಮ್ಮಾಯಿಯವರು ನಮ್ಮವರೆಂದು ಮರುಗಿದ ಮನೆಗಳಲ್ಲಿಯೇ ಯಡಿಯೂರಪ್ಪನವರೂ ನಮ್ಮವರೆಂಬ ಮಾತಿದೆ. ಒಬ್ಬರು ಹೋರಾಡಿ ಗಳಿಸಿದ ನಿಯಮವೇ ಇನ್ನೊಬ್ಬರನ್ನು ಇಳಿಸಿತು. ನಮ್ಮವರು, ಪರರು ಎಂಬ ಲೆಕ್ಕದಿಂದ ಇದು ಅರ್ಥವಾಗುವುದಿಲ್ಲ. ನಿಯಮದ ಚರಿತ್ರೆಯಿಂದ ಅರ್ಥವಾಗುತ್ತದೆ.

ಆದರೆ ನಿಯಮಕ್ಕೂ ಮಿತಿಯುಂಟು. ಪಕ್ಷಾಂತರವನ್ನು ತಡೆಯಲೆಂದೇ 1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿಯಾಯಿತು. 2019ರಲ್ಲಿ ಆಳುವ ಪಕ್ಷಗಳ ಶಾಸಕರು ರಾಜೀನಾಮೆಯ ಹಾದಿ ಹಿಡಿದರು. ಜುಲೈ 23ರಂದು ಕುಮಾರಸ್ವಾಮಿಯವರ ಸರ್ಕಾರವು 99ಕ್ಕೆ 105 ಮತಗಳಿಂದ ಸೋತಿತು. ಪರೀಕ್ಷೆ ಸದನದಲ್ಲಿಯೇ ನಡೆಯಿತು, ನಿಜ. ಆದರೆ ಸದನದ ಸಂಖ್ಯೆಯೇ ಹೊರಗೆ ಬದಲಾಗಿತ್ತು. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಸರ್ವೋಚ್ಚ ನ್ಯಾಯಾಲಯವು ನವೆಂಬರಿನಲ್ಲಿ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವರಿಗೆ ಅಡ್ಡಿಯಿಲ್ಲವೆಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ, ಸ್ಪರ್ಧಿಸಿದ ಅನರ್ಹರಲ್ಲಿ ಹೆಚ್ಚಿನವರು ಗೆದ್ದುಬಂದರು. ಅವರನ್ನು ಗೆಲ್ಲಿಸಿದವರು ರಾಜ್ಯಪಾಲರಲ್ಲ, ನ್ಯಾಯಾಲಯವಲ್ಲ. ನಮ್ಮ ನಿಮ್ಮಂಥ ಮತದಾರರು.

ಆದುದರಿಂದ ಪತ್ರಿಕೆಯಲ್ಲಿ ಸರ್ಕಾರ ಉರುಳುವ ಸುದ್ದಿ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇಂಥದು ಹಿಂದೆ ಯಾವಾಗ ನಡೆದಿತ್ತು? ಅದರಿಂದ ಯಾವ ನಿಯಮ ಹುಟ್ಟಿತು? ಆ ನಿಯಮವನ್ನು ಇಂದು ಪಾಲಿಸುತ್ತಿದ್ದಾರೆಯೇ, ಇಲ್ಲವೇ ಅದರ ಸಂದಿಯಲ್ಲಿ ನುಸುಳುತ್ತಿದ್ದಾರೆಯೇ? ಯಾರು ನಮ್ಮವರೆಂಬ ಪ್ರಶ್ನೆ ಈ ಮೂರರ ಮುಂದೆ ಬರಬಾರದು.

ನಮ್ಮ ಮಾತು ಮುಗಿದಾಗ ಹಿರಿಯರು ಕೆಲಹೊತ್ತು ಸುಮ್ಮನಿದ್ದರು. ಬಳಿಕ, “ಅಂದು ಅವರನ್ನು ಇಳಿಸಿದ್ದು ಅನ್ಯಾಯವೇ ತಾನೇ?” ಎಂದರು. “ಹೌದು, ಅನ್ಯಾಯವೇ. ಅದು ಪರರಿಗಾದರೂ ಅನ್ಯಾಯವೇ ಆಗುತ್ತಿತ್ತು” ಎಂದೆವು. ನಾವು ಮಕ್ಕಳಿಗೆ ನೋವನ್ನಷ್ಟೇ ದಾಟಿಸಿದರೆ ಅವರು ಹಗೆಯನ್ನು ಕಲಿಯುತ್ತಾರೆ. ನಡೆದುದನ್ನೂ ಹೇಳಿಕೊಟ್ಟರೆ, ಮತ ಹಾಕುವ ದಿನ ಅದು ಅವರ ನೆರವಿಗೆ ಬಂದೀತು.